ಜ್ವರದ ನಡುವೆ ಥೈರಾಯ್ಡ್: ಒಂದು ಅಳತೆಯ ಚರಿತ್ರೆ

2021ರ ಏಪ್ರಿಲ್, ಮೇ ತಿಂಗಳುಗಳು. ಕೋವಿಡ್‌ನ ಎರಡನೆಯ ಅಲೆ ಏರಿ, ಬೆಂಗಳೂರು ನಗರವೊಂದರಲ್ಲೇ ದಿನಕ್ಕೆ 20,000ಕ್ಕೂ ಹೆಚ್ಚು ಹೊಸ ಸೋಂಕುಗಳು ದಾಖಲಾಗುತ್ತಿದ್ದ ಕಾಲ. ಬಾಣಸವಾಡಿ, ಕಮ್ಮನಹಳ್ಳಿ, ಹಲಸೂರುಗಳ ಎಷ್ಟೋ ಮನೆಗಳಿಗೆ ಆಸ್ಪತ್ರೆಯಿಂದ ಮರಳಿದವರ ಜೊತೆಗೆ ಒಂದು ದಪ್ಪ ಕಡತವೂ ಬಂತು. ಅದರಲ್ಲಿ ರಕ್ತಪರೀಕ್ಷೆಯ ಹತ್ತಾರು ಹಾಳೆಗಳು. ಕೆಲವರ ಕಡತದಲ್ಲಿ ‘ಥೈರಾಯ್ಡ್ ಪ್ರೊಫೈಲ್’ ಎಂಬ ಹಾಳೆಯೂ ಇತ್ತು. ಅದರಲ್ಲಿ ಟಿ-3 ಎಂಬ ಸಾಲಿನ ಎದುರಿಗೆ ‘ಕಡಿಮೆ’ ಎಂಬ ಗುರುತು. ಮನೆಯವರಿಗೆ ಹೊಸ ಗಾಬರಿ. ಕೊರೋನಾ ಶ್ವಾಸಕೋಶ ಹಾಳುಮಾಡಿದ್ದು ಸಾಲದೆ ಥೈರಾಯ್ಡನ್ನೂ ಕೆಡಿಸಿತೆ? ಇನ್ನು ಜೀವಮಾನವಿಡೀ ಬೆಳಗಾಗೆದ್ದು ಮಾತ್ರೆ ನುಂಗಬೇಕೆ?

ಈ ಪ್ರಶ್ನೆ ಕೋವಿಡ್‌ಗಿಂತ ಹಳೆಯದು. ಇದಕ್ಕೆ ಉತ್ತರ ಸಿಕ್ಕಿರುವುದು ಒಂದು ಶತಮಾನದ ತಡಕಾಟದಿಂದ. ದೂರದರ್ಶನದವರಾದ ನಮಗೆ ಇದು ಕಷ್ಟದ ವಿಷಯವೂ ಹೌದು. ಹೃದಯ ಬಡಿಯುವುದನ್ನು ತೋರಿಸಬಹುದು, ಎದೆಯ ಎಕ್ಸ್-ರೇ ತೋರಿಸಬಹುದು. ರಕ್ತದಲ್ಲಿ ಹಾರ್ಮೋನೊಂದು ಇಳಿಯುವುದನ್ನು ತೋರಿಸಲು ಚಿತ್ರವಿಲ್ಲ. ಆದ್ದರಿಂದ ಪರದೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಮಾತನ್ನು ಇಲ್ಲಿ ವಿದ್ಯಾರ್ಥಿ ಮಿತ್ರರಿಗಾಗಿ ನಿಧಾನವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಈ ಪ್ರದೇಶದ ಬಗ್ಗೆ ನಾಲ್ಕು ಮಾತು. ಬೆಂಗಳೂರಿನ ಪೂರ್ವ ಭಾಗದ ಭೂಪಟವನ್ನು ಸಾಂಕ್ರಾಮಿಕ ರೋಗಗಳೇ ಸ್ವಲ್ಪಮಟ್ಟಿಗೆ ಬರೆದಿವೆ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಿತು. ದಂಡುಪ್ರದೇಶದ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸತ್ತದ್ದನ್ನು ಕಂಡ ಮೇಲೆಯೇ ಗಾಳಿ ಬೆಳಕಿರುವ ಹೊಸ ಬಡಾವಣೆಗಳ ಯೋಚನೆ ಬಲವಾಯಿತು. ಇಂದು ಪುಲಕೇಶಿನಗರವೆನ್ನುವ ಫ್ರೇಜರ್ ಟೌನ್ ಹುಟ್ಟಿದ್ದು ಹೀಗೆ. ಅದರಾಚೆಗೆ ಬಾಣಸವಾಡಿ ಆಗಿನ್ನೂ ಹೊಲ, ತೋಟಗಳ ಹಳ್ಳಿ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಅಷ್ಟರಲ್ಲಾಗಲೇ ಮೂರು ದಶಕಗಳನ್ನು ಕಂಡಿತ್ತು. ಹಳೆ ಮದ್ರಾಸ್ ರಸ್ತೆಯಲ್ಲಿ, ಹಿರಿಯರು ಇಂದಿಗೂ ‘ಐಸೊಲೇಷನ್ ಆಸ್ಪತ್ರೆ’ ಎಂದೇ ಕರೆಯುವ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಿದೆ.

ಪ್ಲೇಗ್ ಬ್ಯಾಕ್ಟೀರಿಯಾದ ರೋಗ. ನಮ್ಮ ವಿಷಯಕ್ಕೆ ಬೇಕಾದದ್ದು ವೈರಸ್ಸಿನ ರೋಗ; ಅದು ಬಂದದ್ದು 1918ರಲ್ಲಿ. ಜೂನ್‌ನಲ್ಲಿ ಮುಂಬೈ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಮೊದಲು ಸೌಮ್ಯವಾಗಿದ್ದು, ಸೆಪ್ಟೆಂಬರ್‌ನಿಂದ ಭೀಕರ ರೂಪ ತಾಳಿ ರೈಲು ಹಾದಿಗುಂಟ ದೇಶವನ್ನೆಲ್ಲ ವ್ಯಾಪಿಸಿತು. ಭಾರತದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷದವರೆಗೆ ಅಂದಾಜು ಮಾಡುತ್ತಾರೆ. 1911 ಮತ್ತು 1921ರ ಜನಗಣತಿಗಳ ನಡುವೆ ದೇಶದ ಜನಸಂಖ್ಯೆ ಬೆಳೆಯುವ ಬದಲು ಕುಗ್ಗಿತು. ಜನಗಣತಿಯ ಇತಿಹಾಸದಲ್ಲಿ ಹಾಗಾದದ್ದು ಅದೊಂದೇ ದಶಕದಲ್ಲಿ. ಬೆಂಗಳೂರು ಆಗ ಎರಡು ಆಡಳಿತಗಳ ಊರು. ಪೇಟೆ ಮೈಸೂರು ಸರ್ಕಾರಕ್ಕೆ, ದಂಡು ಬ್ರಿಟಿಷ್ ರೆಸಿಡೆಂಟನಿಗೆ. ವೈರಸ್ಸಿಗೆ ಆ ಗಡಿ ತಿಳಿಯದು. ಪೇಟೆಯಲ್ಲಿ ಸ್ವಯಂಸೇವಕರು ಮನೆಮನೆಗೆ ತಿರುಗಿ ಥೈಮಾಲ್ ಔಷಧಿಯನ್ನೂ ಗಂಜಿಯನ್ನೂ ಹಂಚಿದರು. ಥೈಮಾಲ್, ಅಂದರೆ ಓಮದ ಸತ್ವ. ಅದರಿಂದ ವೈರಸ್ ಸಾಯಲಿಲ್ಲ. ಗಂಜಿಯಿಂದ ಮಾತ್ರ ಉಪಕಾರವಾಗಿರಲೇಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ.

ಇದು ವೈರಸ್ಸಿನ ಕೆಲಸವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಲಂಡನ್ನಿನಲ್ಲಿ ಪ್ರತ್ಯೇಕಿಸಿದ್ದು 1933ರಲ್ಲಿ. ಆದರೆ 1918ರ ವೈದ್ಯರು ಒಂದು ಸಂಗತಿಯನ್ನು ಎಲ್ಲೆಡೆ ಗಮನಿಸಿದ್ದರು. ಜ್ವರ ಬಿಟ್ಟ ಮೇಲೂ ರೋಗಿ ವಾರಗಟ್ಟಲೆ ಏಳಲಾರ. ಮೈ ಭಾರ, ಮನಸ್ಸು ಮಂಕು, ಕೈಕಾಲು ತಣ್ಣಗೆ. ಥೈರಾಯ್ಡ್ ಕುಂದಿದವರ ಲಕ್ಷಣಗಳೂ ಇವೇ. ಎರಡಕ್ಕೂ ನಂಟಿದೆಯೆ ಎಂದು ಕೇಳಿದರೆ ಅಳೆದು ಹೇಳುವ ಸಾಧನ ಮಾತ್ರ ಅಂದು ಯಾರ ಬಳಿಯೂ ಇರಲಿಲ್ಲ.

ಥೈರಾಯ್ಡ್ ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಿರುವ ಸುಮಾರು 20 ಗ್ರಾಂ ತೂಕದ ಗ್ರಂಥಿ. ನಮ್ಮ ಹಿರಿಯರಿಗೆ ಅದರ ಪರಿಚಯವಿದ್ದದ್ದು ಅದು ಊದಿಕೊಂಡಾಗ ಮಾತ್ರ, ಗಳಗಂಡವೆಂಬ ಹೆಸರಿನಿಂದ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ಯುವ ವೈದ್ಯ ಥೈರಾಯ್ಡ್ ಕುಂದಿದ ಮಹಿಳೆಯೊಬ್ಬಳಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದ. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದಳು. 1895ರಲ್ಲಿ ಜರ್ಮನಿಯ ಬೌಮನ್ ಈ ಗ್ರಂಥಿಯಲ್ಲಿ ಅಯೋಡಿನ್ ಇದೆಯೆಂದು ತೋರಿಸಿದ. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಹಾರ್ಮೋನನ್ನು ಹರಳಾಗಿ ಪಡೆದ. ಅದೇ ಥೈರಾಕ್ಸಿನ್. ಪ್ರತಿ ಅಣುವಿನಲ್ಲೂ ಅಯೋಡಿನ್ನಿನ ನಾಲ್ಕು ಪರಮಾಣುಗಳಿರುವುದರಿಂದ ಅದಕ್ಕೆ ಟಿ-4 ಎಂಬ ಚುಟುಕು ಹೆಸರು. ಮೂರೇ ಅಯೋಡಿನ್ನಿನ ಟಿ-3 ಸಿಕ್ಕಿದ್ದು ಬಹಳ ತಡವಾಗಿ, 1952ರಲ್ಲಿ, ಲಂಡನ್ನಿನ ಜ್ಯಾಕ್ ಗ್ರಾಸ್ ಮತ್ತು ರೊಸಾಲಿಂಡ್ ಪಿಟ್-ರಿವರ್ಸ್ ಅವರಿಗೆ. ಸೋಜಿಗವೆಂದರೆ, ಕಡಿಮೆ ಅಯೋಡಿನ್ ಇರುವ ಈ ಟಿ-3 ಹೆಚ್ಚು ಚುರುಕು.

ಅಳೆಯುವ ಬಗೆಯೇನು? ಮೊದಮೊದಲು ರೋಗಿಯನ್ನು ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಬಾಯಿಗೆ ನಳಿಕೆಯಿಟ್ಟು, ಅವನು ಎಷ್ಟು ಆಮ್ಲಜನಕ ಬಳಸುತ್ತಾನೆಂದು ನೋಡುತ್ತಿದ್ದರು. ಥೈರಾಯ್ಡ್ ಹೆಚ್ಚಿದ್ದರೆ ಬಳಕೆ ಹೆಚ್ಚು. ಆದರೆ ಜ್ವರ ಬಂದರೂ ಬಳಕೆ ಹೆಚ್ಚೇ! ಹೀಗಾಗಿ ಯಾರ ವಿಷಯದಲ್ಲಿ ಉತ್ತರ ಬೇಕಿತ್ತೋ ಆ ಜ್ವರದ ರೋಗಿಗೇ ಈ ಪರೀಕ್ಷೆ ನಿರುಪಯೋಗಿ. ರಕ್ತದಲ್ಲೇ ಹುಡುಕೋಣವೆಂದರೆ, ಒಂದು ಮಿಲಿಲೀಟರ್ ಸೀರಂನಲ್ಲಿ ಟಿ-3 ಇರುವುದು ಒಂದೆರಡು ನ್ಯಾನೊಗ್ರಾಂ ಮಾತ್ರ. ಒಂದು ಗ್ರಾಂನ ನೂರು ಕೋಟಿ ಪಾಲು ಮಾಡಿ ಅದರಲ್ಲೊಂದನ್ನು ತೆಗೆದರೆ ಅದು ನ್ಯಾನೊಗ್ರಾಂ.

ಈ ಗೋಡೆಯನ್ನು ಒಡೆದವರು ನ್ಯೂಯಾರ್ಕಿನ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. ಯಾಲೊ ಭೌತವಿಜ್ಞಾನಿ, ಬರ್ಸನ್ ವೈದ್ಯ. ವಿಕಿರಣಶೀಲ ಅಯೋಡಿನ್ನಿನಿಂದ ಗುರುತು ಹಚ್ಚಿದ ಹಾರ್ಮೋನನ್ನೂ ರೋಗಿಯ ರಕ್ತದಲ್ಲಿರುವ ಹಾರ್ಮೋನನ್ನೂ ಒಂದೇ ಪ್ರತಿಕಾಯಕ್ಕಾಗಿ ಸ್ಪರ್ಧಿಸಲು ಬಿಟ್ಟು, ಗುರುತಿನದು ಎಷ್ಟು ಹೊರಗುಳಿಯಿತು ಎಂಬುದರಿಂದ ರೋಗಿಯ ಹಾರ್ಮೋನಿನ ಲೆಕ್ಕ ತೆಗೆಯುವ ಉಪಾಯವದು. 1959-60ರ ಹೊತ್ತಿಗೆ ಇನ್ಸುಲಿನ್ನಿಗೆ ಅದು ಸಿದ್ಧವಾಯಿತು. ಥೈರಾಯ್ಡಿಗೆ ಆಜ್ಞೆ ಕೊಡುವ ಪಿಟ್ಯುಟರಿಯ ಹಾರ್ಮೋನು ಟಿ.ಎಸ್.ಎಚ್. ಅನ್ನು 1965ರಲ್ಲಿ, ಟಿ-3 ಅನ್ನು 1970ರ ದಶಕದ ಆರಂಭದಲ್ಲಿ ಇದೇ ಬಗೆಯಿಂದ ಅಳೆಯುವುದು ಸಾಧ್ಯವಾಯಿತು. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂದಾಗ ಬರ್ಸನ್ ಬದುಕಿರಲಿಲ್ಲ. ಬಿ.ಎಸ್ಸಿ. ಓದುವವರಿಗೆ ಒಂದು ಕಿವಿಮಾತು: ಪಠ್ಯದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುವ ಈ ವಿಧಾನವನ್ನು ಪರೀಕ್ಷೆಗೆಂದು ಉರುಹೊಡೆಯದೆ ಒಮ್ಮೆ ಚಿತ್ರ ಬರೆದು ನೋಡಿ. ಅಷ್ಟು ಸರಳವಾದದ್ದು ಅಷ್ಟು ದೂರ ಹೋದ ಉದಾಹರಣೆ ವಿಜ್ಞಾನದಲ್ಲಿ ಹೆಚ್ಚಿಲ್ಲ.

ಅಳೆಯುವ ಕೋಲು ಕೈಗೆ ಬಂದ ಕೂಡಲೇ ಹಳೆಯ ನಂಬಿಕೆಯೊಂದು ಬಿದ್ದಿತು. ಟಿ-3, ಟಿ-4 ಎರಡನ್ನೂ ಗ್ರಂಥಿಯೇ ಮಾಡಿ ಕಳಿಸುತ್ತದೆ ಎಂದುಕೊಂಡಿದ್ದರು. 1970ರಲ್ಲಿ ಅಮೆರಿಕದ ಬ್ರೇವರ್‌ಮನ್, ಇಂಗ್‌ಬಾರ್ ಮತ್ತು ಸ್ಟರ್ಲಿಂಗ್, ಥೈರಾಯ್ಡ್ ಗ್ರಂಥಿಯೇ ಕೆಲಸ ಮಾಡದಿದ್ದ ರೋಗಿಗಳಿಗೆ ಕೇವಲ ಟಿ-4 ಕೊಟ್ಟು ನೋಡಿದರು. ಅವರ ರಕ್ತದಲ್ಲಿ ಟಿ-3 ಕಾಣಿಸಿತು! ಗ್ರಂಥಿಯಿಲ್ಲದೆ ಅದು ಬಂದದ್ದೆಲ್ಲಿಂದ? ಯಕೃತ್ತು, ಮೂತ್ರಪಿಂಡ ಮುಂತಾದ ಬೇರೆ ಅಂಗಗಳು ಟಿ-4ರಿಂದ ಒಂದು ಅಯೋಡಿನ್ ಕಿತ್ತು ಟಿ-3 ಮಾಡಿಕೊಳ್ಳುತ್ತವೆ. ನಮ್ಮ ಟಿ-3ರಲ್ಲಿ ಸುಮಾರು ಶೇಕಡ 80ರಷ್ಟು ಹೀಗೆ ಹೊರಗೆ ತಯಾರಾದದ್ದು.

ಹಳಗನ್ನಡದಲ್ಲಿ ‘ಬಾಣಸ’ ಎಂದರೆ ಅಡುಗೆ; ಬಾಣಸಿಗ ಎಂಬ ಮಾತು ನಮಗೆಲ್ಲ ಗೊತ್ತೇ ಇದೆ. ಬಾಣಸವಾಡಿಯ ಹೆಸರನ್ನು ನೆನೆದು ಒಂದು ಉಪಮೆಯನ್ನು ಇಟ್ಟುಕೊಳ್ಳೋಣ. ಟಿ-4 ಕಣಜದ ಭತ್ತ. ಟಿ-3 ಬೆಂದ ಅನ್ನ. ಥೈರಾಯ್ಡ್ ಹೆಚ್ಚಾಗಿ ಭತ್ತವನ್ನೇ ಕಳಿಸುತ್ತದೆ. ಅನ್ನ ಆಗುವುದು ಆಯಾ ಮನೆಯ ಒಲೆಯ ಮೇಲೆ. ಎಷ್ಟು ಬೇಯಿಸಬೇಕೆಂಬುದನ್ನು ಆಯಾ ಅಂಗವೇ ತೀರ್ಮಾನಿಸಿಕೊಳ್ಳಬಹುದು. ಹಾಗಾದರೆ ಅನ್ನ ಕಡಿಮೆಯಾಯಿತೆಂದ ಮಾತ್ರಕ್ಕೆ ಗದ್ದೆ ಒಣಗಿತೆಂದು ಹೇಳಲಾದೀತೆ?

1975ರ ಸುಮಾರಿಗೆ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯಿತು. ಅದನ್ನು ಕೊಟ್ಟವರಲ್ಲಿ ಪ್ರಮುಖರು ಭಾರತದಲ್ಲಿ ವೈದ್ಯಕೀಯ ಓದಿ ಲಾಸ್ ಏಂಜಲಿಸ್‌ನಲ್ಲಿ ಸಂಶೋಧನೆ ನಡೆಸಿದ ಇಂದರ್ ಚೋಪ್ರಾ. ಟಿ-4ರಲ್ಲಿ ಎರಡು ಉಂಗುರಗಳಿವೆ. ಹೊರಗಿನ ಉಂಗುರದಿಂದ ಅಯೋಡಿನ್ ಕಿತ್ತರೆ ಚುರುಕಾದ ಟಿ-3. ಒಳಗಿನ ಉಂಗುರದಿಂದ ಕಿತ್ತರೆ ಕೆಲಸಕ್ಕೆ ಬಾರದ ‘ರಿವರ್ಸ್ ಟಿ-3’, ನಮ್ಮ ಉಪಮೆಯಲ್ಲಿ ಬರಿಯ ಜೊಳ್ಳು. ತೀವ್ರ ಕಾಯಿಲೆಯ ರೋಗಿಗಳಲ್ಲಿ ಟಿ-3 ಇಳಿದಷ್ಟೂ ರಿವರ್ಸ್ ಟಿ-3 ಏರುವುದನ್ನು ಚೋಪ್ರಾ ಮತ್ತು ಸಂಗಡಿಗರು ತೋರಿಸಿದರು. ಕಾಯಿಲೆ ಯಾವುದಾದರೂ ಸರಿ, ನ್ಯುಮೋನಿಯಾ, ಹೃದಯಾಘಾತ, ಸುಟ್ಟಗಾಯ, ದೊಡ್ಡ ಶಸ್ತ್ರಚಿಕಿತ್ಸೆ, ವೈರಸ್ ಸೋಂಕು, ಕಥೆ ಒಂದೇ. ಉಪವಾಸವಿದ್ದ ಆರೋಗ್ಯವಂತರಲ್ಲೂ ಹೀಗೇ ಆಗುವುದನ್ನು ಅದೇ ವರ್ಷಗಳಲ್ಲಿ ಕಂಡರು. ದೇಹ ಸಂಕಟಕ್ಕೆ ಸಿಕ್ಕಾಗ ಅಡುಗೆಮನೆಯ ಉರಿ ತಗ್ಗಿಸುತ್ತದೆ. ಸ್ನಾಯು ಕರಗುವುದನ್ನು, ಶಕ್ತಿ ಸೋರುವುದನ್ನು ತಡೆಯಲು ಯತ್ನಿಸುತ್ತದೆ. ಗ್ರಂಥಿ ಚೆನ್ನಾಗಿಯೇ ಇರುತ್ತದೆ. ವೈದ್ಯರು ಇದಕ್ಕೆ ‘ಥೈರಾಯ್ಡೇತರ ಕಾಯಿಲೆಯ ಲಕ್ಷಣಕೂಟ’ ಎಂಬ ಉದ್ದ ಹೆಸರಿಟ್ಟಿದ್ದಾರೆ.

ಇಷ್ಟು ತಿಳಿದ ಮೇಲೆ 1918ಕ್ಕೆ ಮರಳಿ ನೋಡಬಹುದು. ಆ ವರ್ಷ ಇನ್‌ಫ್ಲುಯೆಂಜಾ ಮಾತ್ರ ಬಂದದ್ದಲ್ಲ. ಮುಂಗಾರೂ ಕೈಕೊಟ್ಟು ದೇಶದ ಬಹುಭಾಗದಲ್ಲಿ ಬರ ಬಿತ್ತು, ಯುದ್ಧದ ಕಾಲದ ಬೆಲೆಯೇರಿಕೆ ಬೇರೆ. ಹಸಿದ ದೇಹ ಮೊದಲೇ ಒಲೆ ತಗ್ಗಿಸಿಕೊಂಡಿತ್ತು. ಅದರ ಮೇಲೆ ಜ್ವರ. ಅಂದಿನ ರೋಗಿಗಳ ರಕ್ತವನ್ನು ಯಾರೂ ತೆಗೆದಿಟ್ಟಿಲ್ಲವಾದ್ದರಿಂದ ಇದು ಇಂದಿನ ಜ್ಞಾನದಿಂದ ಮಾಡುವ ಊಹೆ. ಆದರೂ ಉಪವಾಸ ಮತ್ತು ಸೋಂಕು ಎರಡೂ ಟಿ-3 ಅನ್ನು ಇಳಿಸುತ್ತವೆಂಬುದು ಖಚಿತವಿರುವಾಗ, ಸ್ವಯಂಸೇವಕರು ಹೊತ್ತುತಂದ ಗಂಜಿಯ ಪಾತ್ರೆಗೆ ಔಷಧಿ ಸೀಸೆಗಿಂತ ಹೆಚ್ಚಿನ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ.

ಅಯೋಡಿನ್ ಕೀಳುವ ಈ ಕೆಲಸ ಮಾಡುವವು ಡೀಅಯೋಡಿನೇಸ್ ಎಂಬ ಕಿಣ್ವಗಳು. ಅವುಗಳ ಕ್ರಿಯಾಕೇಂದ್ರದಲ್ಲಿ ಸೆಲೆನಿಯಂ ಎಂಬ ಅಪರೂಪದ ಧಾತು ಕುಳಿತಿದೆಯೆಂದು 1990-91ರಲ್ಲಿ ತಿಳಿಯಿತು. ಇಲ್ಲಿಂದ ಕಥೆ ಮತ್ತೆ ಬೆಂಗಳೂರಿಗೆ ಬರುತ್ತದೆ, ಈ ಸಲ ಊರಿನ ಇನ್ನೊಂದು ತುದಿಗೆ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ. ಅಲ್ಲಿನ ರಸಾಯನವಿಜ್ಞಾನಿ ಗೋವಿಂದಸಾಮಿ ಮುಗೇಶ್ ಮತ್ತು ಅವರ ವಿದ್ಯಾರ್ಥಿ ದೇಬಾಶಿಶ್ ಮನ್ನಾ ಕೇಳಿಕೊಂಡ ಪ್ರಶ್ನೆ ಇದು: ಇಷ್ಟು ದೊಡ್ಡ ಕಿಣ್ವವೇ ಬೇಕೆ, ಸೆಲೆನಿಯಂ ಇರುವ ಒಂದು ಪುಟ್ಟ ಅಣು ಇದೇ ಕೆಲಸ ಮಾಡೀತೆ? ನುಸಿಗುಳಿಗೆಯಿಂದ ನಮಗೆ ಪರಿಚಿತವಾದ ನ್ಯಾಫ್ತಲೀನಿನ ಚೌಕಟ್ಟಿಗೆ ಸೆಲೆನಿಯಂ ಸೇರಿಸಿ ಅವರು ಅಂಥ ಅಣುವನ್ನು ಕಟ್ಟಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದು ಟಿ-4ರ ಒಳ ಉಂಗುರದಿಂದ ಅಯೋಡಿನ್ ಕಿತ್ತು ರಿವರ್ಸ್ ಟಿ-3 ಮಾಡಿತು. ತೀವ್ರ ಕಾಯಿಲೆಯಲ್ಲಿ ದೇಹ ಚುರುಕುಗೊಳಿಸುವ ಕ್ರಿಯೆ ಇದೇ. ಸೆಲೆನಿಯಂ ಅಯೋಡಿನ್ನನ್ನು ಹೇಗೆ ತನ್ನತ್ತ ಎಳೆದು ಇಂಗಾಲದ ಹಿಡಿತದಿಂದ ಬಿಡಿಸುತ್ತದೆ ಎಂಬುದನ್ನೂ ಈ ತಂಡ ಮುಂದಿನ ವರ್ಷಗಳಲ್ಲಿ ಬಿಡಿಸಿ ಹೇಳಿತು. ಮುಗೇಶ್ ಅವರಿಗೆ 2012ರಲ್ಲಿ ಭಟ್ನಾಗರ್ ಪ್ರಶಸ್ತಿ, 2019ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಸಂದಿವೆ. ಇದು ನಾಳೆಯೇ ಔಷಧಿಯಾಗುವ ಸಂಶೋಧನೆಯೆಂದು ಭಾವಿಸಬೇಡಿ. ಒಲೆ ಹೇಗೆ ಉರಿಯುತ್ತದೆಂದು ತಿಳಿಯುವ ಸಂಶೋಧನೆ.

ಟಿ-3 ಕಡಿಮೆಯಿದ್ದರೆ ಹೊರಗಿನಿಂದ ಹಾರ್ಮೋನು ಕೊಟ್ಟರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ವೈದ್ಯರಿಗೂ ಅನ್ನಿಸಿತ್ತು. ಟಿ-3 ಎಷ್ಟು ಕೆಳಗಿಳಿದಿದೆಯೋ ರೋಗಿ ಉಳಿಯುವ ಸಂಭವ ಅಷ್ಟು ಕಡಿಮೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. 1980ರ ದಶಕದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಸುಟ್ಟಗಾಯದವರಿಗೆ ಟಿ-3 ಕೊಟ್ಟರು; ಲಾಭ ಕಾಣಲಿಲ್ಲ. 1986ರಲ್ಲಿ ಬ್ರೆಂಟ್ ಮತ್ತು ಹರ್ಷ್‌ಮನ್, ತೀವ್ರ ನಿಗಾ ಘಟಕದ ರೋಗಿಗಳಲ್ಲಿ ಕೆಲವರಿಗೆ ಟಿ-4 ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿದರು. ಕೊಟ್ಟವರ ವರದಿಯಲ್ಲಿ ಟಿ-4 ಸರಿಹೋಯಿತು. ಸಾವಿನ ಪ್ರಮಾಣ ಎರಡೂ ಗುಂಪುಗಳಲ್ಲಿ ಸರಿಸುಮಾರು ಒಂದೇ. ಚಿಕ್ಕ ಪ್ರಯೋಗವಾದರೂ ಅದರ ಪಾಠ ದೊಡ್ಡದು. ಕಣಜಕ್ಕೆ ಭತ್ತ ಸುರಿದರು, ಒಲೆ ಹೊತ್ತಲಿಲ್ಲ.

ಹಾಗೆಂದು ವೈರಸ್ಸು ಥೈರಾಯ್ಡನ್ನು ಮುಟ್ಟುವುದೇ ಇಲ್ಲವೆಂದು ತಿಳಿಯಬಾರದು. ಈ ಇನ್ನೊಂದು ಎಳೆಯೂ ಹಳೆಯದೇ. 1904ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕೆರ್ವೇನ್, ಜ್ವರದ ಕಾಯಿಲೆಯೊಂದರ ನಂತರ ಕುತ್ತಿಗೆಯ ಮುಂಭಾಗ ಊದಿ, ಮುಟ್ಟಿದರೆ ವಿಪರೀತ ನೋಯುವ ಥೈರಾಯ್ಡ್ ಉರಿಯೂತವನ್ನು ವರ್ಣಿಸಿದ. 1957ರಲ್ಲಿ ಇಸ್ರೇಲಿನ ವೈದ್ಯರು ಇದಕ್ಕೂ ಮಂಗನಬಾವಿನ ವೈರಸ್ಸಿಗೂ ನಂಟನ್ನು ಗುರುತಿಸಿದರು. 2003ರಲ್ಲಿ ಬಂದ ಸಾರ್ಸ್ ಕಾಯಿಲೆಯಿಂದ ಸತ್ತ ಐವರ ಥೈರಾಯ್ಡನ್ನು ಚೀನಾದ ವಿಜ್ಞಾನಿಗಳು ಪರೀಕ್ಷಿಸಿ, ಹಾರ್ಮೋನು ತಯಾರಿಸುವ ಕೋಶಕಗಳು ಹಾನಿಗೊಂಡಿದ್ದುದನ್ನು 2007ರಲ್ಲಿ ವರದಿಮಾಡಿದರು. ಕೋವಿಡ್ ವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಎಸಿಇ-2 ಎಂಬ ಬಾಗಿಲು ಥೈರಾಯ್ಡಿನಲ್ಲೂ ಇದೆ. 2020ರಲ್ಲಿ ಇಟಲಿಯ ಪೀಸಾದಿಂದ 18 ವರ್ಷದ ಯುವತಿಯೊಬ್ಬಳ ವರದಿ ಬಂತು. ಕೋವಿಡ್ ಸೌಮ್ಯವಾಗಿ ಬಂದು ಹೋದ ಮೇಲೆ ಆಕೆಗೆ ಜ್ವರ, ಕುತ್ತಿಗೆ ನೋವು, ಎದೆಬಡಿತ. ಅದು ಡಿ ಕೆರ್ವೇನ್ ವರ್ಣಿಸಿದ ಕಾಯಿಲೆಯೇ. ಒಡೆದ ಕೋಶಕಗಳಿಂದ ಹಾರ್ಮೋನು ಒಮ್ಮೆಲೇ ರಕ್ತಕ್ಕೆ ಸೋರುವುದರಿಂದ ಇಂಥವರಲ್ಲಿ ಮೊದಲು ಹಾರ್ಮೋನು ಏರುತ್ತದೆ, ಅನಂತರ ಕೆಲಕಾಲ ಇಳಿಯುತ್ತದೆ. ಹೆಚ್ಚಿನವರಲ್ಲಿ ಕೊನೆಗೆ ಸರಿಹೋಗುತ್ತದೆ.

ಹೀಗೆ ಒಂದೇ ಸೋಂಕಿನಲ್ಲಿ ಎರಡು ಬೇರೆ ಕಥೆಗಳು. ಎರಡನ್ನೂ ಬೇರ್ಪಡಿಸುವುದು ವೈದ್ಯರ ಜಾಣ್ಮೆ. ಗ್ರಂಥಿಯೇ ಕೆಟ್ಟು ಹಾರ್ಮೋನು ಕಡಿಮೆಯಾದರೆ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಟಿ.ಎಸ್.ಎಚ್. ಏರುತ್ತದೆ. ತೀವ್ರ ಕಾಯಿಲೆಯ ಒಲೆ ತಗ್ಗಿಸುವಿಕೆಯಲ್ಲಿ ಟಿ-3 ಇಳಿದಿದ್ದರೂ ಟಿ.ಎಸ್.ಎಚ್. ಸುಮ್ಮನಿರುತ್ತದೆ, ಅಥವಾ ತಾನೂ ಇಳಿಯುತ್ತದೆ. ಚೀನಾದಲ್ಲಿ ಮೊದಲ ಅಲೆಯ 50 ಕೋವಿಡ್ ರೋಗಿಗಳನ್ನು ನೋಡಿದಾಗ 28 ಮಂದಿಯಲ್ಲಿ ಟಿ.ಎಸ್.ಎಚ್. ಮಾಮೂಲಿಗಿಂತ ಕೆಳಗಿತ್ತು, ಕಾಯಿಲೆ ತೀವ್ರವಾದಷ್ಟೂ ಇಳಿಕೆ ಹೆಚ್ಚು, ಗುಣವಾದ ಮೇಲೆ ಆರೋಗ್ಯವಂತರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಜೊತೆಗೆ ಚಿಕಿತ್ಸೆಯೇ ಲೆಕ್ಕವನ್ನು ಕಲಕುತ್ತದೆ. 2020ರ ಜೂನ್‌ನಿಂದ ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆಲ್ಲ ಕೊಡತೊಡಗಿದ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಟಿ.ಎಸ್.ಎಚ್. ಅನ್ನು ಅದುಮುತ್ತದೆ, ಟಿ-4 ಟಿ-3 ಆಗುವುದನ್ನೂ ತಗ್ಗಿಸುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ಟಿ-4ರ ಅಳತೆಯನ್ನೇ ತಪ್ಪಾಗಿ ತೋರಿಸಬಲ್ಲದು.

ಚೇತರಿಕೆಯ ದಿನಗಳಲ್ಲಿ ಇನ್ನೊಂದು ಬಲೆ ಕಾದಿದೆ. ಒಲೆ ಮತ್ತೆ ಹೊತ್ತಿಕೊಳ್ಳುವಾಗ ಟಿ.ಎಸ್.ಎಚ್. ಕೆಲಕಾಲ ಮಿತಿ ಮೀರಿ ಏರುವುದುಂಟು. ಆ ವಾರವೇ ಪರೀಕ್ಷೆ ಮಾಡಿಸಿದರೆ ನಿಜವಾದ ಥೈರಾಯ್ಡ್ ಕೊರತೆಯಂತೆಯೇ ಕಾಣುತ್ತದೆ. ಆದ್ದರಿಂದಲೇ ಆಸ್ಪತ್ರೆಯಲ್ಲಿ ಮಲಗಿದವರಿಗೆ, ಥೈರಾಯ್ಡಿನ ಬಲವಾದ ಅನುಮಾನವಿಲ್ಲದಿದ್ದರೆ, ಈ ಪರೀಕ್ಷೆ ಬೇಡವೆಂದೂ, ಮಾಡಿಸಿದ್ದರೆ ಗುಣವಾಗಿ ಆರೆಂಟು ವಾರ ಕಳೆದ ಮೇಲೆ ಮತ್ತೊಮ್ಮೆ ನೋಡಿ ನಿರ್ಧರಿಸಬೇಕೆಂದೂ ತಜ್ಞರು ಹೇಳುತ್ತಾರೆ. ಪರೀಕ್ಷೆಗಳನ್ನು ಕಟ್ಟುಕಟ್ಟಾಗಿ ಮಾರುವ ನಮ್ಮ ಕಾಲದ ಪ್ರಯೋಗಾಲಯಗಳ ಜಾಹೀರಾತಿನಲ್ಲಿ ಮಾತ್ರ ಈ ಮಾತು ಕಾಣುವುದಿಲ್ಲ. ಮೊದಲಿನಿಂದಲೂ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಇದು ಅನ್ವಯಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅವರದು ಗ್ರಂಥಿಯದೇ ಕಾಯಿಲೆ. ಜ್ವರವೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಅಪಾಯ.

ಎಲ್ಲವೂ ಇತ್ಯರ್ಥವಾಗಿದೆಯೆಂದಲ್ಲ. ಕಾಯಿಲೆಯ ಮೊದಲ ದಿನಗಳಲ್ಲಿ ಟಿ-3 ಇಳಿಯುವುದು ದೇಹದ ಜಾಣತನವೆಂದು ಬಹುಮಂದಿ ಒಪ್ಪುತ್ತಾರೆ. ವಾರಗಟ್ಟಲೆ ವೆಂಟಿಲೇಟರಿನ ಮೇಲೆ ಉಳಿದವರ ವಿಷಯ ಬೇರೆ. ಅವರಲ್ಲಿ ಮಿದುಳಿನ ಹೈಪೊಥಲಾಮಸ್‌ನಿಂದ ಪಿಟ್ಯುಟರಿಗೆ ಬರುವ ಸಂದೇಶವೇ ಕ್ಷೀಣವಾಗಿರುವುದನ್ನು 1990ರ ದಶಕದಲ್ಲಿ ಕಂಡುಕೊಂಡರು. ಬೆಲ್ಜಿಯಂನ ವೈದ್ಯೆ ಗ್ರೀಟ್ ವ್ಯಾನ್ ಡೆನ್ ಬರ್ಗ್ ಮತ್ತು ಸಂಗಡಿಗರು ಆ ಸಂದೇಶದ ಹಾರ್ಮೋನನ್ನೇ ಇನ್ನೊಂದು ಹಾರ್ಮೋನಿನೊಂದಿಗೆ ರಕ್ತನಾಳಕ್ಕೆ ಹರಿಸಿ, ಟಿ-3 ಮತ್ತೆ ಏರುವುದನ್ನು ತೋರಿಸಿದ್ದಾರೆ. ಏರಿದ್ದರಿಂದ ರೋಗಿ ಬದುಕುವ ಸಂಭವ ಹೆಚ್ಚುತ್ತದೆಯೆ ಎಂಬುದು ಈಗಲೂ ಸಂಶೋಧನೆಯ ವಿಷಯ.